ನೆಟ್ಟಗಾದ ಕೂದಲಿನ ತಕರಾರು

ಈ ಹೊತ್ತು ನಾನು ನಿಮ್ಮೊಡನೆ ಆಡಬೇಕೆಂದಿರುವ ಮಾತು ಬಹಳ ಸಣ್ಣದು. ಕೂದಲೆಳೆಯಷ್ಟು ಸಣ್ಣದು ಎಂದರೂ ತಪ್ಪಿಲ್ಲ, ಏಕೆಂದರೆ ಮಾತು ಕೂದಲಿನದೇ. ಲೋಕದಲ್ಲಿ ಇಷ್ಟೆಲ್ಲ ದೊಡ್ಡ ಸಮಸ್ಯೆಗಳಿರುವಾಗ ಇದೇನು ಹೆಂಗಸರ ಜಡೆಯ ಪುರಾಣ ಎಂದು ಮನೆಯ ಯಜಮಾನರು ರೇಡಿಯೋದ ಕಿವಿ ಹಿಂಡಲು ಕೈ ಚಾಚಬಹುದು. ದಯವಿಟ್ಟು ಒಂದು ನಿಮಿಷ ತಾಳಬೇಕು. ಈ ಸಣ್ಣ ಮಾತಿನ ದೆಸೆಯಿಂದ ನಮ್ಮ ಮನೆಯಲ್ಲಿ ಒಬ್ಬ ಹುಡುಗಿ ಹನ್ನೆರಡು ದಿನ ಕಾಲೇಜಿಗೆ ಹೋಗದೆ, ಹೊಟ್ಟೆನೋವಿನ ನೆಪ ಹೇಳಿ, ತಲೆಗೆ ದುಪ್ಪಟ್ಟಾ ಸುತ್ತಿಕೊಂಡು ಕುಳಿತಿದ್ದಳು. ಅಂಥ ಹುಡುಗಿ ನಿಮ್ಮ ಮನೆಯಲ್ಲಿಯೂ ಇರಬಹುದು. ಇಲ್ಲದಿದ್ದರೆ ಬಹಳ ಸಂತೋಷ. ಪಕ್ಕದ ಮನೆಯವರಿಗಾದರೂ ಈ ಮಾತು ಉಪಯೋಗಕ್ಕೆ ಬಂದೀತು.

ಆ ಹುಡುಗಿ ನನ್ನ ತಂಗಿಯ ಮಗಳು. ಓದಿಗಾಗಿ ನಮ್ಮ ಮನೆಯಲ್ಲಿದ್ದಾಳೆ. ಅವಳದು ಗುಂಗುರು ಕೂದಲು. ನಮ್ಮ ತಾಯಿಯ ಕಡೆಯಿಂದ ಬಂದದ್ದು. ನೋಡುವವರಿಗೆ ಚೆಂದ, ಬಾಚುವವರಿಗೆ ಪ್ರಾಣಸಂಕಟ. ಬೆಳಗ್ಗೆ ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ, ಶಾಲೆಯ ಗಂಟೆ ನನ್ನ ತಲೆಯೊಳಗೆ ಆಗಲೇ ಬಾರಿಸುತ್ತಿರುವಾಗ, ಇವಳ ಸಿಕ್ಕು ಬಿಡಿಸುತ್ತ “ಇದೇನೇ, ತಲೆಯೋ ಹಕ್ಕಿಗೂಡೋ?” ಎಂದು ನಾನು ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ. ತಮಾಷೆಗೆ ಅಂದದ್ದು. ಆ ತಮಾಷೆ ಎಲ್ಲಿಗೆ ಹೋಗಿ ಮುಟ್ಟಿತೆಂಬುದನ್ನು ಕೊನೆಗೆ ಹೇಳುತ್ತೇನೆ.

ಅವಳ ಅಕ್ಕನ ಮದುವೆ ಬಂತು. ಮದುವೆಗೆ ಒಂದು ವಾರ ಮುಂಚೆ ಹುಡುಗಿ ಪಾರ್ಲರಿಗೆ ಹೋಗಿ, ಐದು ಗಂಟೆಗಳ ಕಾಲ ಕುಳಿತು, ರೀಬಾಂಡಿಂಗ್ ಎಂಬ ಸಂಸ್ಕಾರ ಮಾಡಿಸಿಕೊಂಡು ಬಂದಳು. ಗುಂಗುರೆಲ್ಲ ಹೋಗಿ ಕೂದಲು ತೊರೆಯ ನೀರು ಇಳಿದಂತೆ ನೆಟ್ಟಗೆ ಬೆನ್ನಮೇಲೆ ಇಳಿದಿತ್ತು. ಮದುವೆ ಮನೆಯಲ್ಲಿ ಎಲ್ಲರೂ ಮೆಚ್ಚಿದರು, ನಾನೂ ಮೆಚ್ಚಿದೆ. ಒಂದು ತಿಂಗಳಾದ ಮೇಲೆ ಅದಕ್ಕೆ ಕಂದುಬಣ್ಣವೂ ಬಂತು. ಎಂಟು ತಿಂಗಳು ಕಳೆಯುವಷ್ಟರಲ್ಲಿ ದಿಂಬಿನ ಮೇಲೆ, ಬಚ್ಚಲಿನ ತೂಬಿನಲ್ಲಿ, ಅವಳ ಕುರ್ತಾದ ಬೆನ್ನಿನ ಮೇಲೆ, ಎಲ್ಲೆಲ್ಲೂ ಕೂದಲು. ಕಿವಿಯ ಮೇಲ್ಗಡೆ ಕೆಲವೆಡೆ ಯಾರೋ ಕತ್ತರಿ ಆಡಿಸಿದಂತೆ ಮೋಟಾಗಿ ನಿಂತುಕೊಂಡಿತು. ಆಗ ಶುರುವಾಯಿತು ದುಪ್ಪಟ್ಟಾ.

ನಾನೇ ಅವಳನ್ನು ಕರೆದುಕೊಂಡು ಆ ಪಾರ್ಲರಿಗೆ ಹೋದೆ. ಅದನ್ನು ನಡೆಸುವಾಕೆ ಬೆಂಗಳೂರಿನಲ್ಲಿ ಕೆಲಸ ಕಲಿತು ಬಂದವಳು. ಜವಳಿ ಅಂಗಡಿಯ ಮಹಡಿಯ ಮೇಲೆ ಒಂದೇ ಕೋಣೆ, ಎರಡು ಕುರ್ಚಿ, ಗೋಡೆಯ ಉದ್ದಕ್ಕೂ ಕನ್ನಡಿ. ಬೆಳಗಿನಿಂದ ರಾತ್ರಿಯ ತನಕ ನಿಂತೇ ದುಡಿಯುತ್ತಾಳೆ. ಕೂದಲನ್ನು ಎತ್ತಿ ನೋಡಿ, ಬೆರಳಲ್ಲಿ ಉಜ್ಜಿ ಹೇಳಿದಳು: “ಇದು ಹೇರ್ ಫಾಲ್, ಅಕ್ಕಾ. ಬುಡ ಸಡಿಲವಾಗಿದೆ. ಬುಡದಿಂದ ತುದಿಯವರೆಗೆ ಇನ್ನೊಂದು ಸಲ ರೀಬಾಂಡಿಂಗ್ ಮಾಡಿ, ಮೇಲೆ ಕೆರಟಿನ್ ಕೊಟ್ಟರೆ ತುಂಬಿಕೊಳ್ಳುತ್ತದೆ. ಕೆಳಗಡೆ ಹೆಗಲಿನ ಮಟ್ಟಕ್ಕೆ ಕತ್ತರಿಸಲೇಬೇಕು. ಎಣ್ಣೆ ಮಾತ್ರ ಹತ್ತಿರ ತರಬೇಡಿ.”

“ನೋಡಮ್ಮ, ಮದ್ದಿನ ಮೇಲೆ ಮದ್ದು ಬೇಡ, ಕತ್ತರಿಯೂ ಬೇಡ. ದಿನಾ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು, ವಾರಕ್ಕೆರಡು ಸಲ ಸೀಗೆಪುಡಿಯಲ್ಲಿ ಎರೆದರೆ ಆರು ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ. ನಮ್ಮಮ್ಮನ ಕಾಲದಿಂದ ಮಾಡಿದ್ದು ಅದನ್ನೇ,” ಎಂದೆ ನಾನು.

ಆಕೆ ನಕ್ಕಳು. “ನೀವು ಪಾಠ ಹೇಳುವವರು, ಅಕ್ಕಾ. ದಿನಾ ಹತ್ತು ತಲೆ ಮುಟ್ಟುವವಳು ನಾನು,” ಎಂದಳು. ಮಾತು ಸ್ವಲ್ಪ ಚುಚ್ಚಿತು. ನಡುವೆ ಕುರ್ಚಿಯಲ್ಲಿದ್ದ ಹುಡುಗಿ ಕನ್ನಡಿಯಲ್ಲಿ ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ಇಬ್ಬರು ವೈದ್ಯರ ನಡುವೆ ರೋಗಿ ಸತ್ತ ಎನ್ನುವ ಹಾಗಾಗಬಾರದೆಂದು, “ಎರಡು ದಿನ ಬಿಟ್ಟು ಬರುತ್ತೇವೆ” ಎಂದು ಹೇಳಿ ಎದ್ದುಬಂದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಆ ಎರಡು ದಿನದಲ್ಲಿ ಓದಿದ್ದನ್ನೂ, ಚರ್ಮರೋಗದ ಡಾಕ್ಟರೊಬ್ಬರನ್ನು ಕೇಳಿ ತಿಳಿದದ್ದನ್ನೂ ನಿಮ್ಮ ಮುಂದೆ ಇಡುತ್ತೇನೆ. ಯಾರು ಗೆದ್ದರೆಂಬುದನ್ನು ನೀವೇ ತೀರ್ಮಾನಿಸಿ.

ಮೊದಲನೆಯ ಪ್ರಶ್ನೆ: ಕೂದಲು ಉದುರುತ್ತಿದೆಯೋ, ತುಂಡಾಗುತ್ತಿದೆಯೋ? ಇವೆರಡೂ ಒಂದೇ ಅಲ್ಲ. ನಮ್ಮ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲಿವೆ. ಒಂದೊಂದೂ ಎರಡರಿಂದ ಆರು ವರ್ಷ ಬೆಳೆದು, ಸ್ವಲ್ಪ ಕಾಲ ವಿಶ್ರಮಿಸಿ, ತಾನಾಗಿ ಕಳಚಿ ಬೀಳುತ್ತದೆ. ದಿನಕ್ಕೆ ಐವತ್ತರಿಂದ ನೂರರವರೆಗೆ ಬಿದ್ದರೆ ಹೆದರಬೇಕಾದ್ದೇನೂ ಇಲ್ಲ. ಹೀಗೆ ಬುಡಸಮೇತ ಬಿದ್ದ ಕೂದಲಿನ ಒಂದು ತುದಿಯಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಬಿಳಿಯ ಗಡ್ಡೆ ಕಾಣುತ್ತದೆ. ತುಂಡಾದ ಕೂದಲಿಗೆ ಅದಿರುವುದಿಲ್ಲ. ಎರಡು ಕಡೆಯೂ ಮೋಟು, ಉದ್ದವೂ ಒಂದೊಂದು ಒಂದೊಂದು ಬಗೆ. ಹುಡುಗಿಯ ದಿಂಬಿನ ಮೇಲಿನ ಕೂದಲನ್ನು ಆಯ್ದು ಬಿಳಿಯ ಕಾಗದದ ಮೇಲೆ ಹರಡಿ ಲೆಕ್ಕ ಹಾಕಿದೆ. ನಲವತ್ತರಲ್ಲಿ ಗಡ್ಡೆ ಇದ್ದದ್ದು ಆರಕ್ಕೆ ಮಾತ್ರ. ಅಂದರೆ ಬುಡ ಗಟ್ಟಿಯಾಗಿತ್ತು, ಕಾಂಡ ಮುರಿಯುತ್ತಿತ್ತು.

ಈ ಭೇದ ಏಕೆ ಮುಖ್ಯವೆಂದರೆ, ಎರಡಕ್ಕೂ ಮದ್ದು ಬೇರೆ. ಬುಡಸಮೇತ ಹಿಡಿಹಿಡಿಯಾಗಿ ಉದುರುವುದಾದರೆ ಅದರ ಮೂಲ ದೇಹದ ಒಳಗಿರುತ್ತದೆ. ಕಬ್ಬಿಣದ ಅಂಶದ ಕೊರತೆ, ಥೈರಾಯ್ಡ್ ಗ್ರಂಥಿಯ ತೊಂದರೆ, ಜೋರಾದ ಜ್ವರ, ಬಾಣಂತಿತನ, ಹೀಗೆ ಏನಾದರೊಂದು. ಅದನ್ನು ಡಾಕ್ಟರು ನೋಡಬೇಕು, ಪಾರ್ಲರಲ್ಲ. ತುಂಡಾಗುವುದಾದರೆ ಮೂಲ ಹೊರಗಿನದು. ನಾವೇ ಕೂದಲಿಗೆ ಮಾಡಿದ್ದು. ನಮ್ಮ ಪಾರ್ಲರಿನಾಕೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪಿದ್ದಳು.

ಹಾಗಾದರೆ ಕೂದಲಿಗೆ ಆದದ್ದೇನು? ಕೂದಲೆಂಬುದು ಕೆರಟಿನ್ ಎಂಬ ಸಸಾರಜನಕದ ಹುರಿ. ಹೊರಗಡೆ ಹೆಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಹೊದಿಸಿದ ತೆಳ್ಳನೆಯ ಹಲ್ಲೆಗಳು. ಒಳಗಡೆ ನಾರಿನ ಎಳೆಗಳು. ಈ ಎಳೆಗಳನ್ನು ಒಂದಕ್ಕೊಂದು ಹಿಡಿದು ಕಟ್ಟಿರುವ ಕೊಂಡಿಗಳಲ್ಲಿ ಎರಡು ಬಗೆ. ಒಂದು ದುರ್ಬಲವಾದದ್ದು, ನೀರು ತಗುಲಿದರೆ ಬಿಚ್ಚಿಕೊಂಡು ಒಣಗಿದಾಗ ಮತ್ತೆ ಕಟ್ಟಿಕೊಳ್ಳುತ್ತದೆ. ಒದ್ದೆ ತಲೆಗೆ ಜಡೆ ಹಾಕಿ ಒಣಗಿದ ಮೇಲೆ ಬಿಚ್ಚಿದರೆ ಅಲೆಅಲೆಯಾಗಿ ನಿಲ್ಲುತ್ತದಲ್ಲ, ಅದರ ಗುಟ್ಟು ಇದೇ. ಇನ್ನೊಂದು ಗಂಧಕದ ಕೊಂಡಿ. ಅದು ನೀರಿಗೆ ಜಗ್ಗುವುದಿಲ್ಲ. ಗುಂಗುರಿನ ಸುರುಳಿಯನ್ನು ಜನ್ಮಪೂರ್ತಿ ಹಿಡಿದಿಡುವ ಕೊಂಡಿಗಳಲ್ಲಿ ಮುಖ್ಯವಾದದ್ದು ಅದು. ನಾಯಿಬಾಲಕ್ಕೆ ದಬ್ಬೆ ಕಟ್ಟಿದರೂ ಡೊಂಕೇ ಎಂಬ ಗಾದೆ ಕೂದಲಿನ ಮಟ್ಟಿಗೆ ನಿಜವಾಗಿದ್ದದ್ದು ಈ ಗಂಧಕದ ದೆಸೆಯಿಂದ.

ರೀಬಾಂಡಿಂಗ್ ಎಂದರೆ ಆ ಗಾದೆಯನ್ನು ಸುಳ್ಳುಮಾಡುವ ಪ್ರಯತ್ನ. ಮೊದಲು ಥಯೋಗ್ಲೈಕೋಲಿಕ್ ಆಮ್ಲದ ಲವಣವಿರುವ, ಮೂಗಿಗೆ ಅಡರುವ ಲೇಪವನ್ನು ಹಚ್ಚಿ ಗಂಧಕದ ಕೊಂಡಿಗಳನ್ನು ಬಿಚ್ಚುತ್ತಾರೆ. ತೊಳೆದು ಒಣಗಿಸಿ, ಕಾದ ಪಟ್ಟಿಗಳ ನಡುವೆ ಕೂದಲನ್ನು ಎಳೆದು ನೆಟ್ಟಗೆ ಮಾಡುತ್ತಾರೆ. ಆಮೇಲೆ ಹೈಡ್ರೊಜನ್ ಪೆರಾಕ್ಸೈಡಿನಂಥ ಎರಡನೆಯ ಮದ್ದು ಕೊಟ್ಟು, ಕೊಂಡಿಗಳು ಹೊಸ ಜಾಗದಲ್ಲಿ ಮತ್ತೆ ಕೂಡಿಕೊಳ್ಳುವಂತೆ ಮಾಡುತ್ತಾರೆ. ಬಿಚ್ಚಿದ ಕೊಂಡಿಗಳೆಲ್ಲ ಮತ್ತೆ ಕೂಡುವುದಿಲ್ಲ ಎಂಬುದೇ ತೊಡಕು. ಏಣಿಯ ಮೆಟ್ಟಿಲು ಕಳಚಿ ಮತ್ತೆ ಜೋಡಿಸುವಾಗ ಕೆಲವು ಉಳಿದುಹೋದ ಹಾಗೆ. ಏಣಿ ನಿಲ್ಲುತ್ತದೆ, ಆದರೆ ಮೊದಲಿನ ಭಾರ ತಡೆಯುವುದಿಲ್ಲ. ನಮ್ಮ ಹುಡುಗಿ ಅದರ ಮೇಲೆ ಬಣ್ಣದ ಭಾರವನ್ನೂ ಹೇರಿದ್ದಳು. ಕಪ್ಪು ಕೂದಲನ್ನು ಕಂದು ಮಾಡಬೇಕಾದರೆ ಮತ್ತೆ ಅದೇ ಪೆರಾಕ್ಸೈಡು, ಮತ್ತೆ ಹೆಂಚು ಕೀಳುವ ಕೆಲಸ.

ಇನ್ನು ಎರಡನೆಯ ಪ್ರಶ್ನೆ: ಬುಡದಿಂದ ತುದಿಯವರೆಗೆ ಇನ್ನೊಂದು ಸಲ ಮಾಡಿದರೆ ಸರಿಹೋದೀತೇ? ಇದಕ್ಕೆ ಉತ್ತರ ಹುಡುಕುತ್ತ ನಾನು ಅಮೆರಿಕದ ಕರಿಯ ಜನರ ಚರಿತ್ರೆಗೆ ಹೋಗಬೇಕಾಯಿತು. ಕೂದಲು ನೆಟ್ಟಗೆ ಮಾಡುವ ಮದ್ದಿನ ವಿಷಯದಲ್ಲಿ ಅವರಷ್ಟು ದೀರ್ಘ ಅನುಭವ ಯಾರಿಗಿದೆ? ಗ್ಯಾರೆಟ್ ಮಾರ್ಗನ್ ಎಂಬಾತ ಕ್ಲೀವ್‌ಲೆಂಡ್ ಊರಿನವನು. ಹೊಗೆಯೊಳಗೆ ನುಗ್ಗುವವರಿಗಾಗಿ ಮುಸುಕನ್ನು ಕಂಡುಹಿಡಿದವನು, 1923ರಲ್ಲಿ ರಸ್ತೆಯ ಸಂಚಾರಸೂಚಿಗೆ ಪೇಟೆಂಟ್ ಪಡೆದವನು. ಹೊಲಿಗೆಯಂತ್ರದ ಸೂಜಿ ಕಾಯದಿರಲೆಂದು ಒಂದು ದ್ರವವನ್ನು ಸಿದ್ಧಪಡಿಸುತ್ತಿದ್ದಾಗ, ಅದು ಬಟ್ಟೆಯ ರೋಮವನ್ನು ನೆಟ್ಟಗೆ ಮಾಡಿದ್ದನ್ನು ಕಂಡು, ಮೊದಲು ನೆರೆಮನೆಯ ನಾಯಿಯ ಮೇಲೆ, ಆಮೇಲೆ ತನ್ನ ತಲೆಯ ಮೇಲೆಯೇ ಪ್ರಯೋಗ ಮಾಡಿದನೆಂದು ಕಥೆಯಿದೆ. ನಮ್ಮ ಗಾದೆಯ ನಾಯಿ ಅಲ್ಲಿಯೂ ಬಂದಿತು ನೋಡಿ! ಮನೆಯಲ್ಲಿಯೇ ಕಾಸ್ಟಿಕ್ ಸೋಡಾ, ಮೊಟ್ಟೆ, ಆಲೂಗಡ್ಡೆ ಕಲಸಿ ತಲೆಗೆ ಹಚ್ಚಿಕೊಂಡು, ಉರಿ ತಾಳಲಾರದೆ ನಲ್ಲಿಯ ಕೆಳಗೆ ತಲೆಯೊಡ್ಡುತ್ತಿದ್ದ ಕಾಲವೂ ಅಲ್ಲಿತ್ತು. ಮಾಲ್ಕಮ್ ಎಕ್ಸ್ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾರೆ. 1954ರಲ್ಲಿ ಷಿಕಾಗೋ ನಗರದಲ್ಲಿ ಜಾರ್ಜ್ ಜಾನ್ಸನ್ ಎಂಬವರು ಕಂಪನಿ ಕಟ್ಟಿ ಇದನ್ನು ಡಬ್ಬಿಯಲ್ಲಿ ಮಾರತೊಡಗಿದರು. ಅಂಥ ಮದ್ದಿಗೆ ಅಲ್ಲಿ ‘ರಿಲ್ಯಾಕ್ಸರ್’ ಎಂದು ಹೆಸರು.

ಇದನ್ನು ಬರಿಯ ಷೋಕಿ ಎಂದುಕೊಳ್ಳಬೇಡಿ. ಹುಟ್ಟುಗುಂಗುರಿನ ತಲೆಯಲ್ಲಿ ಹೋದರೆ ಅಲ್ಲಿ ಕೆಲಸ ಸಿಗುವುದು ಕಷ್ಟವಾಗುತ್ತಿತ್ತು, ಶಾಲೆಯಲ್ಲಿ ಬೈಗುಳ ತಿನ್ನಬೇಕಾಗುತ್ತಿತ್ತು. ಕೂದಲಿನ ಬಗೆಯನ್ನು ನೋಡಿ ಭೇದ ಮಾಡಕೂಡದೆಂದು ಕ್ಯಾಲಿಫೋರ್ನಿಯಾ ರಾಜ್ಯ ಕಾನೂನು ಮಾಡಿದ್ದು 2019ರಲ್ಲಿ. ಅಂಥ ಕಾನೂನಿಗೆ ಅಮೆರಿಕದಲ್ಲಿ ಅದೇ ಮೊದಲು. ಇದನ್ನು ಓದುವಾಗ ನನಗೆ ನನ್ನ ಹಕ್ಕಿಗೂಡಿನ ಮಾತು ನೆನಪಿಗೆ ಬಂದು, ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆ.

ಆ ದೀರ್ಘ ಅನುಭವದಿಂದ ಅಲ್ಲಿಯ ನುರಿತ ಕೆಲಸಗಾರ್ತಿಯರು ಕಲಿತ ಒಂದೆರಡು ಕಟ್ಟುಪಾಡುಗಳಿವೆ. ಎಂಟು ಹನ್ನೆರಡು ವಾರಗಳಿಗೊಮ್ಮೆ ಮದ್ದನ್ನು ಹಚ್ಚುವಾಗ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಬೇಕು. ಆಗಲೇ ನೆಟ್ಟಗಾಗಿರುವ ಭಾಗದ ಮೇಲೆ ಅದು ಹರಿಯಬಾರದು. ಹರಿದರೆ ಕೂದಲು ಅಲ್ಲಿಯೇ ಮುರಿಯುತ್ತದೆ. ಇನ್ನೊಂದು: ಅಲ್ಲಿಯ ಸೋಡಾ ಜಾತಿಯ ಮದ್ದು ಬೇರೆ, ನಮ್ಮ ರೀಬಾಂಡಿಂಗಿನ ಥಯೋ ಜಾತಿಯ ಮದ್ದು ಬೇರೆ. ಒಂದು ಹಚ್ಚಿದ ಕೂದಲಿಗೆ ಇನ್ನೊಂದನ್ನು ಹಚ್ಚಿದರೆ ಕೂದಲು ಕೈಗೆ ಕಿತ್ತು ಬರಬಹುದು. ಆದ್ದರಿಂದ ಮೊದಲು ಏನು ಹಚ್ಚಿತ್ತು, ಯಾವಾಗ ಹಚ್ಚಿತ್ತು ಎಂದು ಕೇಳದೆ ಡಬ್ಬಿ ತೆರೆಯುವವರ ಕುರ್ಚಿಯಲ್ಲಿ ನೀವು ಕೂರಬೇಡಿ. ಬುಡದಿಂದ ತುದಿಯವರೆಗೆ ಮತ್ತೊಮ್ಮೆ ಎಂದು ನಮ್ಮಾಕೆ ಹೇಳಿದ್ದು ಈ ಮೊದಲನೆಯ ಕಟ್ಟುಪಾಡಿಗೆ ನೇರವಾಗಿ ವಿರುದ್ಧ. ಇಲ್ಲಿಯೂ ನನ್ನ ಮಾತೇ ಸರಿಯಾಗಿತ್ತು.

ಮೂರನೆಯದು ಕೆರಟಿನ್. ಕೂದಲು ಕೆರಟಿನ್ನಿನಿಂದಲೇ ಆದದ್ದು, ಆದ್ದರಿಂದ ಕೆರಟಿನ್ ತುಂಬಿದರೆ ತುಂಬಿಕೊಳ್ಳುತ್ತದೆ ಎಂಬುದು ಕೇಳಲು ಇಂಪಾದ ತರ್ಕ. ಆದರೆ ಕೂದಲು ಸತ್ತ ವಸ್ತು. ಗಿಡಕ್ಕೆ ಗೊಬ್ಬರ ಹಾಕಿದಂತೆ ಅದಕ್ಕೆ ಉಣಿಸಲು ಬರುವುದಿಲ್ಲ. ಹಚ್ಚಿದ ಸಸಾರಜನಕ ಬಹುಮಟ್ಟಿಗೆ ಹೊರಗಡೆ ಪೊರೆಯಾಗಿ ಕೂತು, ನಾಲ್ಕಾರು ಸಲ ತೊಳೆದ ಮೇಲೆ ಹೋಗುತ್ತದೆ. ಈ ಹೆಸರಿನಲ್ಲಿ ನಡೆಯುವ ಅನೇಕ ಉಪಚಾರಗಳಲ್ಲಿ ಕೂದಲನ್ನು ನೆಟ್ಟಗೆ ಹಿಡಿಯುವುದು ಫಾರ್ಮಾಲ್ಡಿಹೈಡ್. ನಾವು ಪ್ರಯೋಗಶಾಲೆಯಲ್ಲಿ ಕಪ್ಪೆ, ಹಾವುಗಳನ್ನು ಕೆಡದಂತೆ ಇಡುವ ಫಾರ್ಮಲಿನ್ ಇದೆಯಲ್ಲ, ಅದೇ. ಕಾದ ಪಟ್ಟಿ ತಾಗಿದಾಗ ಅದು ಆವಿಯಾಗಿ ಏಳುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 2004ರಲ್ಲಿಯೇ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. 2011ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ, ಫಾರ್ಮಾಲ್ಡಿಹೈಡ್ ಇಲ್ಲವೆಂದು ಚೀಟಿ ಅಂಟಿಸಿದ ಸೀಸೆಗಳಲ್ಲಿಯೂ ಅದು ಸಿಕ್ಕಿತೆಂದು ಎಚ್ಚರಿಸಿತು. ಅದನ್ನು ಬಿಟ್ಟು ಬೇರೆ ಆಮ್ಲ ಬಳಸುವ ಮದ್ದುಗಳೂ ನಿರಪಾಯವಲ್ಲ. ಅಂಥ ಉಪಚಾರದ ನಂತರ ಮೂತ್ರಪಿಂಡ ಕೆಟ್ಟ 26 ರೋಗಿಗಳ ವಿಷಯವನ್ನು ಇಸ್ರೇಲಿನ ವೈದ್ಯರು 2023ರಲ್ಲಿ ಪ್ರಕಟಿಸಿದರು.

ಹಾಗೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. 2022ರಲ್ಲಿ ಅಮೆರಿಕದಲ್ಲಿ 33,497 ಹೆಂಗಸರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿದ ಒಂದು ಅಧ್ಯಯನ ಹೊರಬಂತು. ಕೂದಲು ನೆಟ್ಟಗೆ ಮಾಡುವ ಮದ್ದನ್ನು ಎಂದೂ ಬಳಸದವರಲ್ಲಿ ಎಪ್ಪತ್ತು ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ 1.64, ವರ್ಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬಳಸಿದವರಲ್ಲಿ 4.05. ಮದ್ದೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಜನ್ಮದಲ್ಲಿ ಒಮ್ಮೆ ಮಾಡಿಸಿದವರು ನಿದ್ದೆಗೆಡಬೇಕಾಗಿಯೂ ಇಲ್ಲ. ಆದರೆ ಮತ್ತೆ ಮತ್ತೆ ಮಾಡಿಸುವ ಮುಂಚೆ ಒಮ್ಮೆ ಯೋಚಿಸಲು ಇಷ್ಟು ಸಾಲದೆ?

ಇಲ್ಲಿಯವರೆಗೆ ನಾನು ಗೆದ್ದೆನೆಂದು ಬೀಗಿದೆ. ಇನ್ನು ನನ್ನ ಸರದಿ.

ಎಣ್ಣೆಯ ವಿಷಯ. ಆಕೆ ಎಣ್ಣೆ ಬೇಡವೇ ಬೇಡ ಎಂದಳು, ನಾನು ಎಣ್ಣೆಯೇ ಸಂಜೀವಿನಿ ಎಂದೆ. ಇಬ್ಬರದೂ ಅರ್ಧ ಸತ್ಯ. ಮುಂಬಯಿಯ ಇಬ್ಬರು ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಲೆ ತೊಳೆಯುವ ಮೊದಲೋ ತೊಳೆದ ಮೇಲೋ ತೆಂಗಿನೆಣ್ಣೆ ಹಚ್ಚಿದ ಕೂದಲಿನಿಂದ ಸಸಾರಜನಕ ಕಡಿಮೆ ಸೋರಿಹೋಯಿತು. ಸೂರ್ಯಕಾಂತಿ ಎಣ್ಣೆಯಿಂದಾಗಲಿ ಖನಿಜ ತೈಲದಿಂದಾಗಲಿ ಆ ಗುಣ ಕಾಣಲಿಲ್ಲ. ಅವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯಲ್ಲಿ ಇದ್ದವರು ಎಂಬುದನ್ನೂ ಹೇಳಿಬಿಡುವುದು ನ್ಯಾಯ. ತೆಂಗಿನೆಣ್ಣೆಯ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಆದ್ದರಿಂದ ಕೂದಲಿನೊಳಕ್ಕೆ ಇಳಿಯಬಲ್ಲದು. ಒಳಗೆ ಎಣ್ಣೆಯಿದ್ದರೆ ನೀರು ಕುಡಿದು ಕೂದಲು ಉಬ್ಬುವುದು ಕಡಿಮೆಯಾಗುತ್ತದೆ. ಇದು ಕಾಪು, ಅಷ್ಟೆ. ಮುರಿದ ಗಂಧಕದ ಕೊಂಡಿಯನ್ನು ಎಣ್ಣೆ ಕೂಡಿಸುವುದಿಲ್ಲ. ಸೀಳಿದ ತುದಿಯನ್ನು ಬೆಸೆಯುವುದಿಲ್ಲ. ಆರು ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆಂದು ನಾನು ಹೇಳಿದ್ದು ಶುದ್ಧ ಅಜ್ಞಾನ. ಸರಿಹೋಗಬೇಕಾದರೆ ಹೊಸ ಕೂದಲೇ ಬೆಳೆಯಬೇಕು. ಅದು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು.

ಈ ಲೆಕ್ಕ ಹಾಕಿದಾಗಲೇ ನನಗೆ ಇನ್ನೊಂದು ಹೊಳೆದದ್ದು. ಎಂಟು ತಿಂಗಳಲ್ಲಿ ಎಂಟೊಂಬತ್ತು ಸೆಂಟಿಮೀಟರು ಹೊಸ ಗುಂಗುರು ಬುಡದಲ್ಲಿ ಬಂದಿತ್ತು. ಅದರ ಕೆಳಗೆ ಹಳೆಯ ನೆಟ್ಟನೆಯ ಕೂದಲು. ಅಳೆದು ನೋಡಿದರೆ ಕೂದಲು ಮುರಿಯುತ್ತಿದ್ದದ್ದು ಬಹುಪಾಲು ಆ ಗಡಿಯಲ್ಲಿಯೇ. ಗಟ್ಟಿ ಹಗ್ಗಕ್ಕೆ ಸವೆದ ಹಗ್ಗವನ್ನು ಗಂಟು ಹಾಕಿ ಎಳೆದರೆ ಹರಿಯುವುದು ಗಂಟಿನ ಬಳಿ. ನಾನು ಹೇಳಿದ ಬಿಗಿಯಾದ ಜಡೆ ಎಂದರೆ ಆ ಗಂಟನ್ನು ದಿನವಿಡೀ ಎಳೆಯುವುದು. ಸೀಗೆ ಒಳ್ಳೆಯದೇ, ಸೋಪಿನ ಹಾಗೆ ಕ್ಷಾರವಲ್ಲ. ಆದರೆ ಹೆಂಚೆದ್ದ ಕೂದಲಿಗೆ ತರಿತರಿಯಾದ ಪುಡಿಯನ್ನು ಹಾಕಿ ತಿಕ್ಕಿದರೆ ಮರಳು ಕಾಗದದಲ್ಲಿ ಉಜ್ಜಿದ ಹಾಗೆ. ನಮ್ಮಮ್ಮನ ಕಾಲದ ಉಪಚಾರ ನಮ್ಮಮ್ಮನ ಕಾಲದ ಕೂದಲಿಗೆ ಸರಿ. ಈ ಕೂದಲು ಬೇರೆ.

ಕತ್ತರಿಯ ವಿಷಯದಲ್ಲಂತೂ ಪಾರ್ಲರಿನಾಕೆ ಹೇಳಿದ್ದೇ ಸರಿ, ನಾನು ಹೇಳಿದ್ದು ಪೂರಾ ತಪ್ಪು. ಸೀಳಿದ ತುದಿ ಮೇಲಕ್ಕೆ ಸೀಳುತ್ತಲೇ ಹೋಗುತ್ತದೆ. ಉದ್ದ ಉಳಿಸುತ್ತೇನೆಂದು ಹಟ ಹಿಡಿದರೆ ಉದ್ದವೂ ಉಳಿಯುವುದಿಲ್ಲ, ದಪ್ಪವೂ ಉಳಿಯುವುದಿಲ್ಲ. ಜೊತೆಗೆ ಉದ್ದನೆಯ ನೆಟ್ಟನೆಯ ಕೂದಲಿನ ಭಾರ ಗಡಿಯ ಮೇಲೆ ಬೀಳುತ್ತದೆ. ಕತ್ತರಿಸಿದರೆ ಆ ಭಾರ ಇಳಿಯುತ್ತದೆ.

ಎರಡನೆಯ ದಿನ ರಾತ್ರಿ ಇದನ್ನೆಲ್ಲ ಹುಡುಗಿಗೆ ವಿವರಿಸುತ್ತಿದ್ದೆ. ಅವಳು ಸುಮ್ಮನೆ ಎದ್ದು ಹೋಗಿ, ತನ್ನ ಪೆಟ್ಟಿಗೆಯ ತಳದಿಂದ ಒಂದು ಇಕ್ಕಳದಂಥ ವಿದ್ಯುತ್ ಇಸ್ತ್ರಿಯನ್ನು ತಂದು ನನ್ನ ಮುಂದಿಟ್ಟಳು. ಬುಡದಲ್ಲಿ ಗುಂಗುರು ಕಾಣಿಸತೊಡಗಿದಂದಿನಿಂದ, ನಾವು ಏಳುವ ಮುಂಚೆ, ದಿನವೂ ತಲೆ ಒದ್ದೆ ಮಾಡಿಕೊಂಡು ಅದರಿಂದ ನೆಟ್ಟಗೆ ಮಾಡಿಕೊಳ್ಳುತ್ತಿದ್ದಳಂತೆ. ಒದ್ದೆ ಕೂದಲಿಗೆ ಕಾದ ಪಟ್ಟಿ ತಾಗಿದರೆ ಒಳಗಿನ ನೀರು ತಟ್ಟನೆ ಹಬೆಯಾಗಿ ಕೂದಲಿನೊಳಗೆ ಗುಳ್ಳೆ ಏಳಿಸುತ್ತದೆ. ಗುಳ್ಳೆಯಿದ್ದಲ್ಲಿ ಕೂದಲು ಮುರಿಯುತ್ತದೆ. ಪಾರ್ಲರಿನಾಕೆಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. “ಏಕೆ ಮುಚ್ಚಿಟ್ಟೆ?” ಎಂದೆ. “ಮತ್ತೆ ಹಕ್ಕಿಗೂಡು ಅಂತೀರಲ್ಲ ದೊಡ್ಡಮ್ಮ,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನ ಮತ್ತೆ ಮಹಡಿ ಹತ್ತಿದೆವು. ಈ ಸಲ ನಾನು ಮೊದಲು ನನ್ನ ತಪ್ಪನ್ನು ಹೇಳಿದೆ. “ಕತ್ತರಿಯ ವಿಷಯದಲ್ಲಿ ನೀನು ಹೇಳಿದ್ದೇ ಸರಿ ಕಣಮ್ಮ. ಬಿಗಿ ಜಡೆಯ ಮಾತೂ ನಂದು ತಪ್ಪು,” ಎಂದೆ. ಆಮೇಲೆ ಕಾಗದದ ಪೊಟ್ಟಣ ಬಿಚ್ಚಿ ಗಡ್ಡೆಯಿದ್ದ ಕೂದಲು, ಇಲ್ಲದ ಕೂದಲು ಎರಡನ್ನೂ ತೋರಿಸಿದೆ. ಆಕೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಹುಡುಗಿಯ ಒಂದು ಕೂದಲನ್ನು ತಾನೇ ಒದ್ದೆ ಮಾಡಿ ಎರಡು ಬೆರಳಲ್ಲಿ ಎಳೆದಳು. ಚೆನ್ನಾಗಿರುವ ಕೂದಲು ಒದ್ದೆಯಾಗಿದ್ದಾಗ ಸ್ವಲ್ಪ ಹಿಗ್ಗಿ ಮತ್ತೆ ತನ್ನ ಅಳತೆಗೆ ಬರುತ್ತದೆ. ಇದು ಅಂಟಿನ ಹಾಗೆ ಎಳೆದುಕೊಂಡು ಹೋಗಿ ಪಟ್ಟನೆ ಹರಿಯಿತು. “ಹೌದಕ್ಕಾ, ಇದಕ್ಕೆ ಈಗ ಮದ್ದು ಹಾಕಿದರೆ ಕೈಗೇ ಬರುತ್ತದೆ,” ಎಂದಳು. ನಾಲ್ಕು ಸಾವಿರ ರೂಪಾಯಿಯ ಕೆಲಸವನ್ನು ತಾನಾಗಿ ಬಿಟ್ಟುಕೊಡುವ ಮಾತು ಅದು. ಇಷ್ಟು ಹೇಳಲು ಕೈಕಸುಬಿನ ಮೇಲೆ ಪ್ರೀತಿಯಿರಬೇಕು.

ಕತ್ತರಿಸುತ್ತಿರುವಾಗ ಕೆರಟಿನ್ನಿನ ಹೊಗೆಯ ಮಾತು ತೆಗೆದೆ. “ಕಣ್ಣು ಉರಿಯುತ್ತೆ, ಗಂಟಲು ಕಟ್ಟುತ್ತೆ. ಅಭ್ಯಾಸವಾಗಿಬಿಟ್ಟಿದೆ ಅಕ್ಕಾ,” ಎಂದಳು. ಅವಳ ಬೆರಳ ಸಂದುಗಳು ಬಿರುಕು ಬಿಟ್ಟಿದ್ದವು. ನಾವು ವರ್ಷಕ್ಕೊಮ್ಮೆ ಆ ಕುರ್ಚಿಯಲ್ಲಿ ಕೂತು ಎದ್ದುಹೋಗುತ್ತೇವೆ. ಆಕೆ ದಿನವೂ ಅದೇ ಗಾಳಿಯನ್ನು ಕುಡಿಯುತ್ತಾಳೆ. ತಲೆ ಮುಟ್ಟುವವಳು ನಾನು ಎಂದಿದ್ದಳಲ್ಲ. ಹೊಗೆ ಕುಡಿಯುವವಳೂ ಅವಳೇ ಎಂಬುದು ನನಗೆ ಅಲ್ಲಿಯವರೆಗೆ ತೋಚಿರಲಿಲ್ಲ. ಕೈಗವಸು ಹಾಕಿಕೊಳ್ಳಬೇಕು, ಕಿಟಕಿ ತೆರೆದಿಡಬೇಕು, ಸೀಸೆಯ ಮೇಲಿನ ಚೀಟಿ ಓದಬೇಕು, ಸಾಧ್ಯವಾದರೆ ಆ ಕೆಲಸವನ್ನೇ ಬಿಡಬೇಕು ಎಂದೆ. ಕಿಟಕಿಯನ್ನು ಆಗಲೇ ತೆರೆದಳು. ಉಳಿದದ್ದು ಅವಳ ಹೊಟ್ಟೆಪಾಡಿನ ಲೆಕ್ಕ. ಅದನ್ನು ನಾನು ಹೇಳಿಕೊಡಲು ಬರುವುದಿಲ್ಲ.

ನಿಮ್ಮ ಮನೆಯಲ್ಲಿ ನೆಟ್ಟಗೆ ಮಾಡಿಸಿದ ಕೂದಲು ತುಂಡಾಗುತ್ತಿದ್ದರೆ, ನಾವು ಮೂವರೂ ಸೇರಿ ಒಪ್ಪಿಕೊಂಡ ಕ್ರಮ ಇದು. ಬಿದ್ದ ಕೂದಲನ್ನು ಮೊದಲು ಪರೀಕ್ಷಿಸಿ. ಬುಡಸಮೇತ ಬಹಳ ಬೀಳುತ್ತಿದ್ದರೆ, ನೆತ್ತಿಯಲ್ಲಿ ಹುಣ್ಣು ಅಥವಾ ಬೋಳು ಮಚ್ಚೆಯಿದ್ದರೆ ಡಾಕ್ಟರ ಹತ್ತಿರ ಹೋಗಿ. ತುಂಡಾಗುತ್ತಿದ್ದರೆ ಮದ್ದು, ಬಣ್ಣ, ಇಸ್ತ್ರಿ ಮೂರನ್ನೂ ನಿಲ್ಲಿಸಿ. ಕೆಟ್ಟ ತುದಿಯನ್ನು ಕತ್ತರಿಸಿ, ಆಮೇಲೆ ಎರಡು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ. ತಲೆ ತೊಳೆಯುವ ಮೊದಲು ಕೂದಲಿನ ಉದ್ದಕ್ಕೆ ತೆಂಗಿನೆಣ್ಣೆಯನ್ನು ಹಗುರವಾಗಿ ಹಚ್ಚಿ. ಸೌಮ್ಯವಾದ ಶಾಂಪೂವನ್ನು ನೆತ್ತಿಗೆ ಮಾತ್ರ ಹಾಕಿ. ಕೂದಲಿಗೆ ಕಂಡೀಶನರ್ ಹಚ್ಚಿ. ಕೆಟ್ಟ ಕೂದಲಿನಲ್ಲಿ ಋಣ ವಿದ್ಯುದಂಶ ಹೆಚ್ಚು, ಕಂಡೀಶನರಿನಲ್ಲಿ ಧನದಂಶ. ಅದು ಅಂಟಬೇಕಾದಲ್ಲಿಯೇ ಹೋಗಿ ಅಂಟುತ್ತದೆ. ಕಂಡೀಶನರ್ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಆರಂಭಿಸಿ ಬುಡದ ಕಡೆಗೆ ಸಿಕ್ಕು ಬಿಡಿಸಿ. ಟವೆಲಿನಿಂದ ಝಾಡಿಸಬೇಡಿ, ಒತ್ತಿ ನೀರು ತೆಗೆಯಿರಿ. ಹಳೆಯ ಮೆತ್ತನೆಯ ಹತ್ತಿ ಪಂಚೆ ಇದಕ್ಕೆ ಎಲ್ಲಕ್ಕಿಂತ ಉತ್ತಮ. ಜಡೆ ಸಡಿಲವಾಗಿರಲಿ. ಇಷ್ಟಾದ ಮೇಲೆ ಬೇಕಾದದ್ದು ತಾಳ್ಮೆ ಒಂದೇ. ತಿಂಗಳಿಗೊಂದು ಸೆಂಟಿಮೀಟರಿಗಿಂತ ಬೇಗ ಕೊಡುತ್ತೇವೆನ್ನುವ ಸೀಸೆಯನ್ನು ನಂಬಬೇಡಿ.

ಇದೆಲ್ಲ ನಡೆದು ಈಗ ಒಂದು ವರ್ಷವಾಗಿದೆ. ಹುಡುಗಿಯ ತಲೆಯಲ್ಲಿ ಒಂದು ಗೇಣಿನಷ್ಟು ಅವಳದೇ ಕೂದಲು ಬಂದಿದೆ. ಕೊನೆಯ ನೆಟ್ಟನೆಯ ತುದಿಗಳು ಹೋದ ತಿಂಗಳು ಕತ್ತರಿಗೆ ಹೋದವು. ಮತ್ತೆ ನೆಟ್ಟಗೆ ಮಾಡಿಸಬೇಕೆಂದು ಮುಂದೆ ಅವಳಿಗೆ ಅನ್ನಿಸಿದರೆ ನಾನು ಅಡ್ಡ ಬರುವವಳಲ್ಲ, ತಲೆ ಅವಳದು. ಕೇಳಬೇಕಾದ ಪ್ರಶ್ನೆಗಳು ಅವಳಿಗೆ ಗೊತ್ತಿವೆ, ಅಷ್ಟು ಸಾಕು. ಬೆಳಗ್ಗೆ ಬಾಚುವ ಕೆಲಸ ಈಗಲೂ ನನ್ನದೇ. ಸಿಕ್ಕು ಮೊದಲಿನಷ್ಟೇ ಇದೆ, ಸಾರು ಮೊದಲಿನ ಹಾಗೆಯೇ ಉಕ್ಕುತ್ತದೆ. ನಾನು ಮಾತ್ರ ಬಾಯಿ ಮುಚ್ಚಿಕೊಂಡು, ತುದಿಯಿಂದ ಬುಡದ ಕಡೆಗೆ, ನಿಧಾನವಾಗಿ ಬಿಡಿಸುತ್ತೇನೆ.